ಇಎಸ್‌ಸಿ ಕೆಂಡ ಆಗ್ತಿದ್ಯಾ? ಹೀಟ್‌ಸಿಂಕ್ ಅಂಟಿಸೋದು ಕೊನೇ ಕೆಲಸ, ಅದಕ್ಕೂ ಮುಂಚೆ ಮಾಡೋದು ಬೇಕಾದಷ್ಟಿದೆ

ಇಎಸ್‌ಸಿ ಅಂದ್ರೆ ರಿಮೋಟಲ್ಲಿ ಓಡೋ ಪ್ಲೇನು, ಕಾರು, ಬೋಟುಗಳಲ್ಲಿ ಬ್ಯಾಟರಿಗೂ ಮೋಟಾರ್‌ಗೂ ನಡುವೆ ಕೂತು ಮೋಟಾರ್ ವೇಗ ಹತೋಟಿ ಮಾಡೋ ಬೋರ್ಡು, ಹೀಟ್‌ಸಿಂಕ್ ಅಂದ್ರೆ ಅದರ ಬಿಸಿ ಹೀರಿ ಗಾಳಿಗೆ ಬಿಡೋ ರೆಕ್ಕೆ ರೆಕ್ಕೆಯಾಗಿರೋ ಲೋಹದ ತುಂಡು. ನಂದೊಂದು 3ಎಸ್ (ಮೂರು ಸೆಲ್ ಸಾಲಾಗಿ ಜೋಡಿಸಿದ ಬ್ಯಾಟರಿ) ಟ್ರೈನರ್ ಪ್ಲೇನಿತ್ತು, ನಾಲ್ಕನೇ ನಿಮಿಷ ದಾಟ್ತಿದ್ದ ಹಂಗೇ ಮೋಟಾರ್ ಕಟ್ ಆಗ್ತಿತ್ತು. ಹೆಂಗೋ ಗ್ಲೈಡ್ ಮಾಡಿ ಇಳಿಸಿ, ಓಡಿ ಹೋಗಿ ಎತ್ಕೊಂಡು ಥ್ರಾಟಲ್ ಕೊಟ್ರೆ ಏನೂ ಆಗೇ ಇಲ್ಲ ಅನ್ನೋ ಹಂಗೆ ಮತ್ತೆ ತಿರುಗ್ತಿತ್ತು. ಬ್ಯಾಟರಿ ಹೋಗಿದೆ ಅಂತ ಬ್ಯಾಟರಿ ಬದಲಾಯಿಸಿದೆ, ಆಮೇಲೆ ರಿಮೋಟಿನ ಸಿಗ್ನಲ್ ಹಿಡಿಯೋ ರಿಸೀವರ್ ಮೇಲೆ ಅನುಮಾನ ಬಂತು, ಕೊನೆಗೆ ಇಎಸ್‌ಸಿ ಮುಟ್ಟಿ ನೋಡಿದ್ರೆ ಕೈ ಇಡಕ್ಕಾಗಲ್ಲ. ಸರಿ, ದೊಡ್ಡದೊಂದು ಹೀಟ್‌ಸಿಂಕ್ ತಂದು ಅಂಟಿಸಿದೆ. ನಾಲ್ಕನೇ ನಿಮಿಷಕ್ಕೆ ಕಟ್ ಆಗ್ತಿದ್ದಿದ್ದು ಐದನೇ ನಿಮಿಷಕ್ಕೆ ಆಗೋಕೆ ಶುರುವಾಯ್ತು, ಬೇರೇನೂ ಬದಲಾಗ್ಲಿಲ್ಲ. ನಿಜವಾದ ಕಾರಣ ಸಿಗೋಕೆ ಇನ್ನೂ ಎರಡು ವಾರ ಹಿಡೀತು, ಗಾಳಿ ವಿಷಯ ಬಂದಾಗ ಅದನ್ನ ಹೇಳ್ತೀನಿ.

ಅವತ್ತಿಂದ ನಾನು ಒಂದು ಕ್ರಮ ಇಟ್ಕೊಂಡಿದೀನಿ. ಮೊದಲು ಅಳೀಬೇಕು, ಆಮೇಲೆ ಬಿಸಿ ಹುಟ್ಟೋದನ್ನೇ ಕಮ್ಮಿ ಮಾಡ್ಬೇಕು, ಆಮೇಲೆ ಗಾಳಿಗೆ ದಾರಿ ಮಾಡ್ಬೇಕು, ಹೀಟ್‌ಸಿಂಕ್ ಎಲ್ಲಾ ಆದ್ಮೇಲೆ. ಬಹಳ ಜನ ಇದನ್ನ ಉಲ್ಟಾ ಮಾಡ್ತಾರೆ, ನಾನೂ ಉಲ್ಟಾನೇ ಮಾಡಿದ್ದೆ.

ಬಿಸಿ ಹುಟ್ಟೋದು ಎಲ್ಲಿ

ಇದನ್ನ ಬಿಟ್ಟು ಮುಂದೆ ಹೋಗ್ಬೇಡಿ, ಯಾಕಂದ್ರೆ ಮುಂದಿನ ಎಲ್ಲಾ ಕೆಲಸಾನೂ ಇದರ ಮೇಲೇ ನಿಂತಿದೆ. ಬ್ರಷ್‌ಲೆಸ್ ಇಎಸ್‌ಸಿ ಒಳಗೆ ಮೂರು ಫೇಸಿಗೆ, ಅಂದ್ರೆ ಮೋಟಾರಿಗೆ ಹೋಗೋ ಮೂರು ವೈರಿಗೆ, ಒಟ್ಟು ಆರು ಸ್ವಿಚ್ ಇರತ್ತೆ, ಒಂದೊಂದು ಸ್ವಿಚ್ಚೂ ಒಂದು ಮಾಸ್‌ಫೆಟ್ (ಕರೆಂಟ್ ಆನ್ ಆಫ್ ಮಾಡೋ ಟ್ರಾನ್ಸಿಸ್ಟರ್), ದೊಡ್ಡ ಇಎಸ್‌ಸಿ ಆದ್ರೆ ಎರಡು ಮೂರು ಮಾಸ್‌ಫೆಟ್ ಪ್ಯಾರಲಲ್ಲಾಗಿ ಇರ್ತವೆ. ಯಾವ ಕ್ಷಣದಲ್ಲಿ ನೋಡಿದ್ರೂ ಕರೆಂಟ್ ಎರಡು ಸ್ವಿಚ್ ದಾಟ್ಕೊಂಡೇ ಹೋಗ್ಬೇಕು. ಒಂದೊಂದರ ರೆಸಿಸ್ಟೆನ್ಸ್ 2 ಮಿಲಿಓಮ್ ಅಂತ ಇಟ್ಕೊಳಿ, ಎರಡು ಸೇರಿ 4 ಮಿಲಿಓಮ್. 30 ಆಂಪ್ ಎಳೆದ್ರೆ 30×30×0.004, ಅಂದ್ರೆ 3.6 ವಾಟ್ ಬರೀ ಬಿಸಿಗೆ ಹೋಯ್ತು. 60 ಆಂಪ್ ಎಳೆದ್ರೆ ಎಷ್ಟು? 7.2 ಅಲ್ಲ, 14.4 ವಾಟ್. ಕರೆಂಟ್ ಡಬಲ್ ಆದ್ರೆ ಬಿಸಿ ನಾಲ್ಕು ಪಟ್ಟು, ಇದೊಂದು ಲೆಕ್ಕ ತಲೇಲಿ ಕೂತ್ರೆ ಅರ್ಧ ಕೆಲಸ ಮುಗೀತು. ಸಾಲದ್ದಕ್ಕೆ ಮಾಸ್‌ಫೆಟ್ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಕೂಡ ಏರತ್ತೆ, 100 ಡಿಗ್ರಿಗೆ ಹೋಗೋ ಹೊತ್ತಿಗೆ 25 ಡಿಗ್ರಿಲಿ ಇದ್ದಿದ್ದಕ್ಕಿಂತ ಸುಮಾರು ಒಂದೂವರೆ ಪಟ್ಟಿನ ಹತ್ತಿರ ಆಗಿರತ್ತೆ, ಹಂಗಾಗಿ ಬಿಸಿಯೇ ಇನ್ನಷ್ಟು ಬಿಸಿ ಹುಟ್ಟಿಸ್ತಾ ಹೋಗತ್ತೆ.

ಎರಡನೇದು ಸ್ವಿಚಿಂಗ್. ಫುಲ್ ಥ್ರಾಟಲ್ ಇಲ್ದೇ ಇದ್ದಾಗ ಇಎಸ್‌ಸಿ ಮಾಸ್‌ಫೆಟ್‌ನ ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಮಾಡ್ತಾ ಇರತ್ತೆ, 8 ಕಿಲೋಹರ್ಟ್ಸ್ ಅಂದ್ರೆ 8000 ಸಲ. ಪ್ರತಿ ಸಲಾನೂ ಸ್ವಲ್ಪ ಸ್ವಲ್ಪ ನಷ್ಟ. ಅದರ ಜೊತೆ ಸ್ವಿಚ್ ಆಫ್ ಆಗಿದ್ದಾಗ ಮೋಟಾರ್ ಕರೆಂಟ್ ಮಾಸ್‌ಫೆಟ್ ಒಳಗಿರೋ ಡಯೋಡ್ ಮೂಲಕ ಸುತ್ತತ್ತೆ, ಅಲ್ಲಿ ಹತ್ರ ಹತ್ರ 0.8 ವೋಲ್ಟ್ ಬೀಳತ್ತೆ. 30 ಆಂಪ್‌ಗೆ ಅದು 24 ವಾಟ್, ಅರ್ಧ ಸಮಯ ಆಫ್ ಇದ್ರೆ ಸರಾಸರಿ 12 ವಾಟ್. ಅದೇ ಸಮಯದಲ್ಲಿ ಆ ಮಾಸ್‌ಫೆಟ್‌ನೇ ಆನ್ ಮಾಡಿಟ್ಟಿದ್ರೆ 1 ವಾಟ್ ಕೂಡ ಆಗ್ತಿರ್ಲಿಲ್ಲ! ಹೊಸ ಇಎಸ್‌ಸಿಗಳಲ್ಲಿ ಆಕ್ಟಿವ್ ಫ್ರೀವೀಲಿಂಗ್ ಅಂತ ಬರತ್ತಲ್ಲ, ಅದು ಮಾಡೋದು ಇದನ್ನೇ. ಹಂಗಾಗಿ "ನಾನು ಅರ್ಧ ಥ್ರಾಟಲ್‌ನಲ್ಲೇ ಓಡಿಸ್ತೀನಿ, ಬಿಸಿ ಆಗಲ್ಲ" ಅನ್ನೋ ಮಾತು ಹಳೇ ಇಎಸ್‌ಸಿಗಳ ವಿಷಯದಲ್ಲಿ ನಂಬೋಕಾಗಲ್ಲ, ಅದರಲ್ಲೂ ಕಮ್ಮಿ ಥ್ರಾಟಲ್‌ನಲ್ಲೇ ಜಾಸ್ತಿ ಕರೆಂಟ್ ಎಳೆಯೋ ಗುಡ್ಡ ಹತ್ತೋ ಕಾರುಗಳಲ್ಲಂತೂ ಸುಳ್ಳೇ.

ಮೂರನೇದು ಬಿಇಸಿ, ಅಂದ್ರೆ ರಿಸೀವರ್‌ಗೂ ಸರ್ವೋಗೂ (ಸ್ಟೀರಿಂಗ್, ಬಾಲದ ಪಟ್ಟಿ ತಿರುಗಿಸೋ ಸಣ್ಣ ಮೋಟಾರ್) 5 ವೋಲ್ಟ್ ಕೊಡೋ ಭಾಗ. ಲೀನಿಯರ್ ಬಿಇಸಿ ಆದ್ರೆ ಉಳಿದ ವೋಲ್ಟೇಜ್‌ನ ಪೂರ್ತಿ ಬಿಸಿ ಮಾಡಿ ಬಿಸಾಕತ್ತೆ. ತುಂಬಿದ 3ಎಸ್ ಬ್ಯಾಟರಿ 12.6 ವೋಲ್ಟ್, ಸರ್ವೋಗಳು 1 ಆಂಪ್ ಎಳೆದ್ರೆ 7.6 ವಾಟ್ ಬಿಸಿ. ಮೇಲೆ 30 ಆಂಪ್ ಮೋಟಾರ್‌ಗೆ ಆಗಿದ್ದ 3.6 ವಾಟ್ ನೆನಪಿದ್ಯಲ್ಲ, ಅದಕ್ಕಿಂತ ಎರಡು ಪಟ್ಟು! ನಾಲ್ಕು ಸರ್ವೋ ಹಾಕ್ಕೊಂಡು ಮೋಟಾರ್‌ನ ಬೈಯೋದ್ರಲ್ಲಿ ಅರ್ಥ ಇಲ್ಲ.

ಮೊದಲು ಅಳತೆ

ಬೆರಳಿಟ್ಟು ನೋಡೋದು ಅಳತೆ ಅಲ್ಲ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ರೆ ಸಾಕು, ಆದ್ರೆ ಹೊಳೆಯೋ ಅಲ್ಯೂಮಿನಿಯಂ ಮೇಲೆ ಹಿಡಿದ್ರೆ ಅದು ತೀರಾ ಕಮ್ಮಿ ತೋರಿಸತ್ತೆ, ನಿಜವಾಗ್ಲೂ 90 ಇದ್ರೂ 50 ಚಿಲ್ಲರೆ ತೋರಿಸಿ ನಿಮಗೆ ಸುಳ್ಳು ಧೈರ್ಯ ಕೊಡತ್ತೆ. ಹೀಟ್‌ಸಿಂಕ್ ಮೇಲೆ ಒಂದು ಸಣ್ಣ ಚೂರು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ಅಳೀರಿ. ಮಲ್ಟಿಮೀಟರ್ ಜೊತೆ ಬರೋ ಥರ್ಮೋಕಪಲ್ ವೈರ್ ಇದ್ರೆ ಇನ್ನೂ ಒಳ್ಳೇದು, ತುದಿನ ಮಾಸ್‌ಫೆಟ್ ಪಕ್ಕ ಟೇಪ್ ಹಾಕಿ ಕೂರಿಸಿ. ಇಎಸ್‌ಸಿಗೆ ಟೆಲಿಮೆಟ್ರಿ (ಒಳಗಿನ ಅಳತೆ ಹೊರಗೆ ಕಳಿಸೋ ಸೌಲಭ್ಯ) ಇದ್ರೆ ಅದನ್ನೇ ನೋಡಿ, ಒಳಗಿನ ಸೆನ್ಸರ್ ಹೇಳೋದು ಹೊರಗಿಂದ ನಾವು ಅಳೆಯೋದಕ್ಕಿಂತ ನಿಜಕ್ಕೆ ಹತ್ತಿರ.

ಅಳೆಯುವಾಗ ಸುತ್ತಲಿನ ಗಾಳಿ ಎಷ್ಟು ಡಿಗ್ರಿ ಇತ್ತು ಅಂತಾನೂ ಬರೆದಿಡಿ. ಮುಖ್ಯ ಆಗೋದು ಎರಡರ ವ್ಯತ್ಯಾಸ. 25 ಡಿಗ್ರಿ ದಿನ ಇಎಸ್‌ಸಿ 70 ತೋರಿಸಿದ್ರೆ ವ್ಯತ್ಯಾಸ 45, ಅದೇ ಸೆಟಪ್ 40 ಡಿಗ್ರಿ ಬಿಸಿಲಲ್ಲಿ 85 ದಾಟತ್ತೆ. ಬೆಳಗ್ಗೆ ತಂಪಲ್ಲಿ ಟೆಸ್ಟ್ ಮಾಡಿ ಸರಿಯಾಯ್ತು ಅಂದ್ಕೊಂಡು ಮಧ್ಯಾಹ್ನ ಹಾರಿಸಿದಾಗ ಕಟ್ ಆಗೋದು ಇದಕ್ಕೇ. ಇನ್ನೊಂದು, ಓಡಿಸಿ ನಿಲ್ಲಿಸಿದ ಮೇಲೆ ಒಂದರ್ಧ ನಿಮಿಷ ಟೆಂಪರೇಚರ್ ಇನ್ನೂ ಏರತ್ತೆ, ಗಾಳಿ ನಿಂತಿರತ್ತೆ ಆದ್ರೆ ಒಳಗಿನ ಬಿಸಿ ಹೊರಗೆ ಬರ್ತಾನೇ ಇರತ್ತೆ, ಅದಕ್ಕೇ ಪ್ರತಿ ಸಲಾನೂ ನಿಲ್ಲಿಸಿ ಇಷ್ಟೇ ಸೆಕೆಂಡಿಗೆ ಅಳೀತೀನಿ ಅಂತ ಒಂದು ಲೆಕ್ಕ ಇಟ್ಕೊಳಿ, ಇಲ್ಲಾಂದ್ರೆ ಒಂದು ಅಳತೆಗೂ ಇನ್ನೊಂದಕ್ಕೂ ಹೋಲಿಸೋಕಾಗಲ್ಲ.

ಎಷ್ಟಿದ್ರೆ ಸರಿ? ಬಹಳಷ್ಟು ಇಎಸ್‌ಸಿಗಳು 100ರಿಂದ 110 ಡಿಗ್ರಿ ಆಸುಪಾಸಲ್ಲಿ ತಾವೇ ಕಟ್ ಆಗ್ತವೆ. ನಾನು ಹೊರಗಡೆ ಅಳೆದಾಗ 80 ದಾಟಬಾರದು ಅಂತ ಇಟ್ಕೊಂಡಿದೀನಿ, ಮಾಸ್‌ಫೆಟ್ ಒಳಗೆ ಅದಕ್ಕಿಂತ ಜಾಸ್ತಿನೇ ಇರತ್ತೆ. ಅದೂ ಅಲ್ದೆ ಪಕ್ಕದಲ್ಲೇ ನಿಂತಿರೋ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗೆ ಸಾಮಾನ್ಯವಾಗಿ 105 ಡಿಗ್ರಿನೇ ಮಿತಿ, ಮತ್ತೆ ಪ್ರತಿ 10 ಡಿಗ್ರಿ ಇಳಿಸಿದ್ರೆ ಅದರ ಆಯಸ್ಸು ಹೆಚ್ಚು ಕಮ್ಮಿ ಡಬಲ್ ಆಗತ್ತೆ.

ಬಿಸಿ ಹುಟ್ಟೋದನ್ನ ಕಮ್ಮಿ ಮಾಡೋದು

ಈಗ ಪ್ರಾಪ್, ಅಂದ್ರೆ ಪ್ರೊಪೆಲ್ಲರ್ ಕಡೆ ನೋಡಿ. ಪಿಚ್ (ಒಂದು ಸುತ್ತಿಗೆ ಪ್ರಾಪ್ ಎಷ್ಟು ಮುಂದೆ ಹೋಗ್ಬೇಕು ಅನ್ನೋ ಅಳತೆ) ಅಷ್ಟೇ ಇಟ್ಟು ಅಷ್ಟೇ ಆರ್‌ಪಿಎಮ್‌ನಲ್ಲಿ ತಿರುಗಿಸಿದ್ರೆ ಪ್ರಾಪ್ ತಿನ್ನೋ ಪವರ್ರು ಅದರ ಉದ್ದದ ನಾಲ್ಕನೇ ಘಾತದ ಲೆಕ್ಕದಲ್ಲಿ ಏರತ್ತೆ. 10 ಇಂಚಿಂದ 9 ಇಂಚಿಗೆ ಇಳಿದ್ರೆ 0.9ನ ನಾಲ್ಕು ಸಲ ಗುಣಿಸಿ ನೋಡಿ, 0.66 ಬರತ್ತೆ, ಅಂದ್ರೆ ಮೂರನೇ ಒಂದು ಭಾಗ ಲೋಡ್ ಹೋಯ್ತು. ನಿಜವಾಗಿ ಲೋಡ್ ಇಳಿದಾಗ ಆರ್‌ಪಿಎಮ್ ಸ್ವಲ್ಪ ಏರೋದ್ರಿಂದ ಅಷ್ಟು ಪೂರ್ತಿ ಸಿಗಲ್ಲ, ಆದ್ರೂ ಒಂದೇ ಒಂದು ಇಂಚಿಗೆ ಸಿಗೋ ಲಾಭ ಯಾವ ಹೀಟ್‌ಸಿಂಕೂ ಕೊಡಲ್ಲ. ಕಾರಲ್ಲಾದ್ರೆ ಪಿನಿಯನ್ (ಮೋಟಾರ್ ತುದಿಯ ಸಣ್ಣ ಗೇರ್) ಒಂದೆರಡು ಹಲ್ಲು ಕಮ್ಮಿದು ಹಾಕಿ, ಟಾಪ್ ಸ್ಪೀಡ್ ಸ್ವಲ್ಪ ಹೋಗತ್ತೆ, ಇಎಸ್‌ಸಿ ಮೋಟಾರ್ ಎರಡೂ ತಣ್ಣಗಿರ್ತವೆ. ಟೈರ್ ದೊಡ್ಡದು ಹಾಕಿದ್ರೂ ಗೇರಿಂಗ್ ಏರಿಸಿದ ಹಂಗೇ ಲೆಕ್ಕ, ಅದನ್ನ ಬಹಳ ಜನ ಮರೀತಾರೆ.

ಆಮೇಲೆ ಸೆಟ್ಟಿಂಗ್. ಪಿಡಬ್ಲ್ಯೂಎಮ್ ಫ್ರೀಕ್ವೆನ್ಸಿ (ಮೇಲೆ ಹೇಳಿದ ಆನ್ ಆಫ್ ಸೆಕೆಂಡಿಗೆ ಎಷ್ಟು ಸಲ ಅನ್ನೋದು) ಬದಲಾಯಿಸೋಕೆ ಅವಕಾಶ ಇದ್ರೆ, ಮತ್ತೆ ನಿಮ್ಮದು ಮಾಮೂಲಿ ಔಟ್‌ರನ್ನರ್ (ಹೊರಗಿನ ಡಬ್ಬಿನೇ ತಿರುಗೋ ಮೋಟಾರ್) ಆಗಿದ್ರೆ, 24 ಕಿಲೋಹರ್ಟ್ಸ್‌ನಲ್ಲಿ ಇರೋದನ್ನ 8ಕ್ಕೋ 12ಕ್ಕೋ ಇಳಿಸಿ ನೋಡಿ. ಇಂಡಕ್ಟೆನ್ಸ್ (ಕರೆಂಟ್ ತಟ್ಟನೆ ಬದಲಾಗೋದನ್ನ ತಡೆಯೋ ಗುಣ) ತೀರಾ ಕಮ್ಮಿ ಇರೋ ಮೋಟಾರ್‌ಗಳಿಗೆ ಮಾತ್ರ ಇದನ್ನ ಮಾಡ್ಬೇಡಿ, ಇಎಸ್‌ಸಿ ಉಳಿಸೋಕೆ ಹೋಗಿ ಮೋಟಾರ್ ಬಿಸಿ ಆಗತ್ತೆ, ಹಂಗಾಗಿ ಬದಲಾಯಿಸಿದ ಮೇಲೆ ಮೋಟಾರ್ ಟೆಂಪರೇಚರ್ ಕೂಡ ಅಳೀರಿ. ಟೈಮಿಂಗ್ (ಫೇಸಿಗೆ ಕರೆಂಟ್ ಎಷ್ಟು ಮುಂಚೆ ಕೊಡ್ಬೇಕು ಅನ್ನೋ ಸೆಟ್ಟಿಂಗ್) ಹೈನಲ್ಲಿದ್ರೆ ಒಂದು ಮೆಟ್ಟಿಲು ಇಳಿಸಿ, ಕರೆಂಟ್ ಇಳಿಯತ್ತೆ, ಆದ್ರೆ ಮೋಟಾರ್ ತಡವರಿಸೋ ಸದ್ದು ಬಂದ್ರೆ ವಾಪಸ್ ಏರಿಸಿ. ಆಕ್ಟಿವ್ ಫ್ರೀವೀಲಿಂಗ್ ಆಫ್ ಇದ್ರೆ ಆನ್ ಮಾಡಿ.

ಲೀನಿಯರ್ ಬಿಇಸಿ ಇದ್ದು ಸರ್ವೋ ಮೂರಕ್ಕಿಂತ ಜಾಸ್ತಿ ಇದ್ರೆ ಯೋಚನೆ ಮಾಡ್ದೆ ಒಂದು ಸ್ವಿಚಿಂಗ್ ಬಿಇಸಿ (ಉಳಿದ ವೋಲ್ಟೇಜ್‌ನ ಲೀನಿಯರ್ ತರ ಪೂರ್ತಿ ಬಿಸಿ ಮಾಡಿ ಬಿಸಾಕದೇ ಇರೋದು) ಬೇರೆ ಹಾಕಿ. ಇಎಸ್‌ಸಿಯಿಂದ ರಿಸೀವರ್‌ಗೆ ಬರೋ ಮೂರು ವೈರ್‌ನಲ್ಲಿ ನಡುವಿನ ಕೆಂಪು ವೈರ್ ಪಿನ್ ಹೊರಗೆ ತೆಗೆದು ಅದಕ್ಕೆ ಟೇಪ್ ಸುತ್ತಿ, ಇಲ್ಲಾಂದ್ರೆ ಎರಡು ಬಿಇಸಿ ಒಂದಕ್ಕೊಂದು ಜಗಳ ಆಡ್ತವೆ. ಕಪ್ಪು ಅಥವಾ ಕಂದು ವೈರ್ ಮಾತ್ರ ಮುಟ್ಟಬೇಡಿ, ಅದು ಗ್ರೌಂಡ್, ಅದಿಲ್ಲದೇ ಸಿಗ್ನಲ್ ಇಲ್ಲ.

ಕನೆಕ್ಟರ್ ಬಗ್ಗೆ ಜನ ಯೋಚ್ನೆನೇ ಮಾಡಲ್ಲ. ಬುಲೆಟ್ ಕನೆಕ್ಟರ್ ಒಳಗೆ ಸೋಲ್ಡರ್ ಸರಿಯಾಗಿ ಹರಿದಿಲ್ಲ ಅಂದ್ರೆ ಅಲ್ಲಿ ಹುಟ್ಟಿದ ಬಿಸಿ ದಪ್ಪ ತಾಮ್ರದ ವೈರ್ ಹಿಡ್ಕೊಂಡು ಸೀದಾ ಇಎಸ್‌ಸಿ ಬೋರ್ಡಿಗೆ ಬರತ್ತೆ. ಓಡಿಸಿದ ಮೇಲೆ ಕನೆಕ್ಟರ್‌ಗಳನ್ನೂ ಒಂದೊಂದಾಗಿ ಅಳೀರಿ, ವೈರ್‌ಗಿಂತ ಕನೆಕ್ಟರ್ ಬಿಸಿ ಇದ್ರೆ ಮತ್ತೆ ಬೆಸುಗೆ ಹಾಕಿ. ಬ್ಯಾಟರಿ ವೈರ್ ಉದ್ದ ಮಾಡಿದ್ರೆ ಇನ್ನೊಂದು ತೊಂದರೆ ಇದೆ, ಉದ್ದದ ವೈರ್‌ನ ಇಂಡಕ್ಟೆನ್ಸ್‌ನಿಂದ ಕೆಪಾಸಿಟರ್ ಮೇಲೆ ರಿಪಲ್ (ವೋಲ್ಟೇಜ್ ಏರಿಳಿತ) ಜಾಸ್ತಿಯಾಗಿ ಅದು ಒಳಗಿಂದಾನೇ ಬೇಯತ್ತೆ. ದೂರ ಬೇಕು ಅಂದ್ರೆ ಆದಷ್ಟು ಮೋಟಾರ್ ಕಡೆ ವೈರ್ ಉದ್ದ ಮಾಡಿ. ಬ್ಯಾಟರಿ ಕಡೆನೇ ಉದ್ದ ಮಾಡ್ಲೇಬೇಕು ಅಂದ್ರೆ ಹಾಬಿಯವರು ಅನುಸರಿಸೋ ಲೆಕ್ಕ ಪ್ರತಿ 10 ಸೆಂಟಿಮೀಟರ್‌ಗೆ 220 ಮೈಕ್ರೋಫ್ಯಾರಡ್‌ನ ಲೋ ಇಎಸ್‌ಆರ್ (ಒಳಗಿನ ರೆಸಿಸ್ಟೆನ್ಸ್ ಕಮ್ಮಿ ಇರೋ) ಕೆಪಾಸಿಟರ್, ವೋಲ್ಟೇಜ್ ರೇಟಿಂಗ್ ತುಂಬಿದ ಬ್ಯಾಟರಿಗಿಂತ ಸಾಕಷ್ಟು ಮೇಲಿರ್ಲಿ, ಇಎಸ್‌ಸಿಗೆ ಎಷ್ಟು ಹತ್ರ ಆಗತ್ತೋ ಅಷ್ಟು ಹತ್ರ, ಪ್ಲಸ್ ಮೈನಸ್ ಎರಡು ಸಲ ನೋಡಿ.

ಹೊಸದಾಗಿ ಸೆಟಪ್ ಕಟ್ಟೋರಿಗೆ ಒಂದು ಮಾತು. 3ಎಸ್‌ನಲ್ಲಿ 40 ಆಂಪ್ ಅಂದ್ರೆ ಸರಾಸರಿ 11.1 ವೋಲ್ಟ್ ಲೆಕ್ಕದಲ್ಲಿ 444 ವಾಟ್, ಕಮ್ಮಿ ಕೆವಿ (ಒಂದು ವೋಲ್ಟಿಗೆ ಎಷ್ಟು ಆರ್‌ಪಿಎಮ್ ಅನ್ನೋದು) ಮೋಟಾರ್ ತಗೊಂಡು 6ಎಸ್ ಮಾಡಿದ್ರೆ ಅದೇ 444 ವಾಟ್ 20 ಆಂಪ್‌ಗೆ ಬರತ್ತೆ, ಕರೆಂಟಿಂದ ಆಗೋ ಬಿಸಿ ಕಾಲು ಭಾಗಕ್ಕೆ ಇಳಿಯತ್ತೆ. ಇಎಸ್‌ಸಿ 6ಎಸ್ ತಡೆಯೋದೇ ಇರಬೇಕು, ಲೀನಿಯರ್ ಬಿಇಸಿ ಇರಲೇಬಾರದು.

ಗಾಳಿ

ನನ್ನ ಟ್ರೈನರ್ ವಿಷಯ ಈಗ. ಮೂಗಿನ ಹತ್ರ ಗಾಳಿ ಒಳಗೆ ಬರೋಕೆ ಚೆಂದದ ಎರಡು ತೂತಿದ್ವು, ಹೊರಗೆ ಹೋಗೋಕೆ ಒಂದೂ ಇರ್ಲಿಲ್ಲ. ಹೋಗೋಕೆ ದಾರಿ ಇಲ್ಲ ಅಂದ್ರೆ ಬರೋದೂ ಇಲ್ಲ, ಮುಂದಿನ ತೂತಿನ ಬಾಯಲ್ಲೇ ಗಾಳಿ ನಿಂತ್ಬಿಡತ್ತೆ, ನಾನು ಅಂಟಿಸಿದ್ದ ದೊಡ್ಡ ಹೀಟ್‌ಸಿಂಕ್ ಮುಚ್ಚಿದ ಪೆಟ್ಟಿಗೆಯೊಳಗಿನ ಬಿಸಿ ಗಾಳಿಲಿ ಸುಮ್ನೆ ಕೂತಿತ್ತು. ಪ್ಲೇನಿನ ರೆಕ್ಕೆ ಹಿಂದೆ ಹೊಟ್ಟೆ ಭಾಗದಲ್ಲಿ ಒಂದು ಕಿಂಡಿ ಕುಯ್ದೆ, ಅಷ್ಟೇ. ಅದೇ ಬ್ಯಾಟರಿ, ಅದೇ ಪ್ರಾಪ್, ಇಳಿಸಿದ ತಕ್ಷಣ 98 ತೋರಿಸ್ತಿದ್ದಿದ್ದು 71ಕ್ಕೆ ಬಂತು, ಆಮೇಲೆ ಆ ಪ್ಲೇನು ಗಾಳೀಲಿ ಒಂದು ಸಲಾನೂ ಕಟ್ ಆಗಿಲ್ಲ.

ಹಂಗಾಗಿ ಹೊರಗೆ ಹೋಗೋ ಕಿಂಡಿ ಒಳಗೆ ಬರೋ ಕಿಂಡಿಗಿಂತ ಒಂದೂವರೆಯಿಂದ ಎರಡು ಪಟ್ಟು ದೊಡ್ಡದಿರ್ಲಿ. ಬಂದ ಗಾಳಿ ಇಎಸ್‌ಸಿ ಮೇಲೇ ಹಾದು ಹೋಗೋ ಹಂಗೆ ನೋಡ್ಕೊಳಿ, ಪಕ್ಕದಲ್ಲಿ ಖಾಲಿ ಜಾಗ ಇದ್ರೆ ಗಾಳಿ ಸುಲಭದ ದಾರಿ ಹಿಡಿದು ಹೋಗ್ಬಿಡತ್ತೆ, ತೆಳು ಫೋಮ್ ಅಥವಾ ಕಾರ್ಡ್‌ಬೋರ್ಡ್ ಗೋಡೆ ಒಂದು ಇಟ್ರೆ ಸಾಕು. ಹೀಟ್‌ಸಿಂಕ್ ರೆಕ್ಕೆಗಳು ಗಾಳಿ ಹೋಗೋ ದಿಕ್ಕಿಗೇ ಇರಬೇಕು, ಅಡ್ಡ ಇದ್ರೆ ಗಾಳಿಗೆ ಅದೇ ಗೋಡೆ. ಮತ್ತೆ ಇಎಸ್‌ಸಿನ ಫೋಮ್‌ನಲ್ಲಿ ಸುತ್ತಿ ತುರುಕೋದು, ಲೋಹದ ಪ್ಲೇಟ್ ಇರೋ ಕಡೆಗೇ ವೆಲ್ಕ್ರೋ ಅಂಟಿಸೋದು, ಇವೆರಡನ್ನ ಎಷ್ಟು ಪ್ಲೇನಲ್ಲಿ ನೋಡಿದೀನೋ ಲೆಕ್ಕ ಇಲ್ಲ. ಪ್ಲೇಟ್ ಗಾಳಿ ಕಡೆಗೆ, ವೆಲ್ಕ್ರೋ ಇನ್ನೊಂದು ಕಡೆಗೆ.

ಕಾರಲ್ಲಿ ಗಾಳಿ ನಂಬ್ಕೊಂಡು ಇರಕ್ಕಾಗಲ್ಲ, 30 ಅಥವಾ 40 ಮಿಲಿಮೀಟರ್ ಫ್ಯಾನ್ ಹಾಕಿ, ರೆಕ್ಕೆಗಳ ಮೇಲೆ ಬೀಸೋ ಹಂಗೆ. ಫ್ಯಾನ್ ವೋಲ್ಟೇಜ್ ನೋಡಿ, 5 ವೋಲ್ಟ್ ಫ್ಯಾನ್‌ನ ಸೀದಾ ಬ್ಯಾಟರಿಗೆ ಕೊಡಬೇಡಿ. ಡ್ರೋನ್‌ನಲ್ಲಿ ಆರ್ಮ್ ಮೇಲೆ ಇಎಸ್‌ಸಿ ಇದ್ರೆ ಪ್ರಾಪ್ ಗಾಳಿನೇ ಬೀಳತ್ತೆ, ನಾಲ್ಕೂ ಒಂದೇ ಬೋರ್ಡ್‌ನಲ್ಲಿ ಇರೋದು ನಡುಮಧ್ಯ ಕೂತಿರೋದ್ರಿಂದ ಅದರ ಮೇಲೆ ಕೆಳಗೆ ಜಾಗ ಬಿಡಿ. ಬೋಟ್‌ನಲ್ಲಿ ನೀರಿನ ಕೂಲಿಂಗ್‌ಗೆ ಸಮ ಇಲ್ಲ, ನೀರು ಹೊರಗೆ ಬರೋ ಪೈಪ್ ಮಾತ್ರ ದಡದಿಂದ ಕಣ್ಣಿಗೆ ಕಾಣೋ ಪಕ್ಕದಲ್ಲಿ ಇಡಿ, ಧಾರೆ ನಿಂತ್ರೆ ಪಾಚಿನೋ ಕಸಾನೋ ಸಿಕ್ಕಿದೆ ಅಂತ ತಕ್ಷಣ ಗೊತ್ತಾಗತ್ತೆ. ಉಪ್ಪುನೀರಲ್ಲಿ ಓಡಿಸಿದ್ರೆ ಆಮೇಲೆ ಸಿಹಿನೀರು ಹಾಯಿಸಿ ತೊಳೀರಿ.

ಈಗ ಹೀಟ್‌ಸಿಂಕ್

ಇಷ್ಟಾದ್ಮೇಲೂ ಬಿಸಿ ಇದ್ರೆ ಇಲ್ಲಿಗೆ ಬನ್ನಿ. ವಾರಂಟಿ ಇದ್ರೆ ಹೋಗತ್ತೆ ಅಂತ ಮೊದಲೇ ತಿಳ್ಕೊಂಡಿರಿ. ಬ್ಯಾಟರಿ ತೆಗೀರಿ, ಪ್ರಾಪ್ ಬಿಚ್ಚಿಡಿ.

ಹೀಟ್‌ಶ್ರಿಂಕ್‌ನ (ಇಎಸ್‌ಸಿ ಸುತ್ತ ಇರೋ ಪ್ಲಾಸ್ಟಿಕ್ ಹೊದಿಕೆ) ಪಕ್ಕದ ಅಂಚಲ್ಲಿ ಬ್ಲೇಡ್‌ನಿಂದ ನಿಧಾನಕ್ಕೆ ಕುಯ್ಯಿರಿ, ಬೋರ್ಡ್ ಮೇಲೆ ಬ್ಲೇಡ್ ಒತ್ತಬೇಡಿ. ಒಳಗೆ ಅಲ್ಯೂಮಿನಿಯಂ ಪ್ಲೇಟ್ ಇದ್ರೆ ಅದು ಪ್ಯಾಡ್ (ಬಿಸಿ ದಾಟಿಸೋ ಮೆತ್ತನೆ ಹಾಳೆ) ಮೇಲೆ ಗಟ್ಟಿಯಾಗಿ ಕೂತಿದ್ಯಾ ನೋಡಿ, ಅಲುಗಾಡಿದ್ರೆ ಅದೇ ನಿಮ್ಮ ಸಮಸ್ಯೆ ಆಗಿರಬಹುದು. ಪ್ಯಾಡ್ ದಪ್ಪ ಎಷ್ಟು ಮುಖ್ಯ ಅಂತ ಒಂದು ಲೆಕ್ಕ ನೋಡಿ. 20 × 15 ಮಿಲಿಮೀಟರ್ ಜಾಗ, 1 ಮಿಲಿಮೀಟರ್ ದಪ್ಪದ ಪ್ಯಾಡ್, ಅದರ ಕಂಡಕ್ಟಿವಿಟಿ (ಬಿಸಿ ದಾಟಿಸೋ ಶಕ್ತಿ) 1.5 ವಾಟ್ ಪರ್ ಮೀಟರ್ ಕೆಲ್ವಿನ್ ಅಂತ ಇಟ್ಕೊಂಡ್ರೆ 10 ವಾಟ್‌ಗೆ ಪ್ಯಾಡ್‌ನಲ್ಲೇ 22 ಡಿಗ್ರಿ ವ್ಯತ್ಯಾಸ ನಿಲ್ಲತ್ತೆ. ಅಷ್ಟೇ ಕಂಡಕ್ಟಿವಿಟಿ ಇರೋ ಥರ್ಮಲ್ ಗ್ಲೂ 0.2 ಮಿಲಿಮೀಟರ್ ಹಾಕಿದ್ರೆ ನಾಲ್ಕೂವರೆ ಡಿಗ್ರಿ ಒಳಗೆ. ದುಬಾರಿ ಪೇಸ್ಟ್ ಹುಡುಕೋದಕ್ಕಿಂತ ತೆಳುವಾಗಿ ಹಾಕೋದು ಮುಖ್ಯ.

ಆದ್ರೆ ತೆಳು ಆಗ್ಬೇಕು ಅಂದ್ರೆ ಎರಡೂ ಸಮ ಇರಬೇಕು. ಹೀಟ್‌ಸಿಂಕ್ ತಳಾನ ಗಾಜಿನ ಮೇಲಿಟ್ಟ 400 ನಂಬರ್ ಸ್ಯಾಂಡ್‌ಪೇಪರ್ ಮೇಲೆ ಉಜ್ಜಿ ಸಮ ಮಾಡಿ, ಪುಡಿ ಎಲ್ಲಾ ಒರೆಸಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಎರಡೂ ಕಡೆ ಕ್ಲೀನ್ ಮಾಡಿ. ಈ ಉಜ್ಜೋ ಕೆಲಸ ಬೋರ್ಡ್‌ನಿಂದ ದೂರ ಮಾಡಿ, ಅಲ್ಯೂಮಿನಿಯಂ ಪುಡಿ ಮಾಸ್‌ಫೆಟ್ ಕಾಲುಗಳ ಮಧ್ಯ ಬಿದ್ರೆ ಶಾರ್ಟ್. ಬೋರ್ಡ್ ಮೇಲಿನ ಮಾಸ್‌ಫೆಟ್‌ಗಳೇ ಒಂದೊಂದು ಒಂದೊಂದು ಎತ್ತರ ಇದ್ರೆ ತೆಳು ಗ್ಲೂ ಆಗಲ್ಲ, ಆಗ 0.5 ಮಿಲಿಮೀಟರ್ ಮೆತ್ತನೆ ಪ್ಯಾಡೇ ಸರಿ.

ಅಂಟಿಸೋಕೆ ವಿದ್ಯುತ್ ಹರಿಯದ ಥರ್ಮಲ್ ಗ್ಲೂನೇ ಬೇಕು. ಸೂಪರ್ ಗ್ಲೂ ಬೇಡ, ಹಾಟ್ ಗ್ಲೂ ಬೇಡ, ಫೋಮ್ ಟೇಪ್ ಅಂತೂ ಬೇಡವೇ ಬೇಡ, ಅದು ಕಂಬಳಿ ಹೊದಿಸಿದ ಹಂಗೆ. ವಿನೆಗರ್ ವಾಸನೆ ಬರೋ ಸಿಲಿಕಾನ್ ಹಾಕ್ಬೇಡಿ, ಅದರ ಆಸಿಡ್ ತಾಮ್ರಾನ ತಿನ್ನತ್ತೆ. ಹೀಟ್‌ಸಿಂಕ್ ಅಂಚು ಕೆಪಾಸಿಟರ್‌ಗಾಗ್ಲಿ ಬೆಸುಗೆ ಹಾಕಿದ ಜಾಗಕ್ಕಾಗ್ಲಿ ತಾಗಬಾರದು, ತಾಗೋ ಹಂಗಿದ್ರೆ ಅಲ್ಲಿ ಬಿಸಿ ತಡೆಯೋ ಕ್ಯಾಪ್ಟಾನ್ ಇನ್ಸುಲೇಷನ್ ಟೇಪ್ ಹಾಕಿ. ಕೆಲವು ಮಾಸ್‌ಫೆಟ್‌ಗಳ ತಲೆ ಪ್ಲಾಸ್ಟಿಕ್ ಅಲ್ಲ, ಲೋಹ, ಅದರಲ್ಲಿ ವೋಲ್ಟೇಜ್ ಇರತ್ತೆ, ಅಲ್ಲಿ ಇನ್ಸುಲೇಟ್ ಮಾಡೋ ಪ್ಯಾಡ್ ಕಡ್ಡಾಯ. ಬಣ್ಣದ ಆನೊಡೈಸ್ ಪದರಾನ ಇನ್ಸುಲೇಷನ್ ಅಂತ ನಂಬಬೇಡಿ, ಒಂದು ಗೀರು ಬಿದ್ರೆ ಮುಗೀತು.

ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಗಿದ್ದು. ಪ್ಲಾಸ್ಟಿಕ್ ತಲೆಯ ಮಾಸ್‌ಫೆಟ್‌ನಲ್ಲಿ ಬಿಸಿ ಹೆಚ್ಚಾಗಿ ಮೇಲಕ್ಕೆ ಬರಲ್ಲ, ಕೆಳಗಿನ ಲೋಹದ ಪಟ್ಟಿಯಿಂದ ಬೋರ್ಡ್‌ನ ತಾಮ್ರಕ್ಕೆ ಇಳಿಯತ್ತೆ. ಅದಕ್ಕೇ ಮಾಸ್‌ಫೆಟ್ ತಲೆ ಮೇಲೆ ಮಾತ್ರ ಅಲ್ದೆ ಬೋರ್ಡ್‌ನ ಹಿಂಭಾಗದಿಂದ್ಲೂ ಬಿಸಿ ತೆಗೆಯೋಕಾಗತ್ತಾ ಅಂತ ನೋಡಿ, ಪ್ಯಾಡ್ ಹಾಕಿ ಇನ್ನೊಂದು ಪ್ಲೇಟ್ ಕೂರಿಸಬಹುದು. ಕೈ ಪಳಗಿದವರು ದಪ್ಪ ಕರೆಂಟ್ ಹೋಗೋ ಟ್ರ್ಯಾಕ್ ಮೇಲೆ ತಾಮ್ರದ ತಂತಿ ಇಟ್ಟು ಬೆಸುಗೆ ಹಾಕ್ತಾರೆ, ಒಳ್ಳೇ ಕೆಲಸ, ಆದ್ರೆ ಬರೀ ಸೋಲ್ಡರ್ ಸುರಿದ್ರೆ ಅಷ್ಟು ಲಾಭ ಇಲ್ಲ, ಸೋಲ್ಡರ್‌ನ ರೆಸಿಸ್ಟೆನ್ಸ್ ತಾಮ್ರಕ್ಕಿಂತ ಎಂಟು ಹತ್ತು ಪಟ್ಟು ಜಾಸ್ತಿ.

ಗ್ಲೂ ಒಣಗೋವರೆಗೂ ಹಗುರ ಕ್ಲಿಪ್ ಹಾಕಿಡಿ, ಪ್ಯಾಕೆಟ್ ಮೇಲೆ ಹೇಳಿದಷ್ಟು ಹೊತ್ತು ಕಾಯಿರಿ. ಮತ್ತೆ ಹೀಟ್‌ಶ್ರಿಂಕ್ ಹಾಕುವಾಗ ರೆಕ್ಕೆಗಳ ಜಾಗ ಕಿಟಕಿ ತರ ತೆರೆದಿರ್ಲಿ.

ಬ್ಯಾಟರಿ ಹಾಕೋಕೂ ಮುಂಚೆ ಮಲ್ಟಿಮೀಟರ್ ಬೀಪ್‌ನಲ್ಲಿ ಇಟ್ಟು ಹೀಟ್‌ಸಿಂಕ್‌ಗೂ ಬ್ಯಾಟರಿ ಪ್ಲಸ್‌ಗೂ, ಹೀಟ್‌ಸಿಂಕ್‌ಗೂ ಮೈನಸ್‌ಗೂ, ಆಮೇಲೆ ಮೂರೂ ಮೋಟಾರ್ ವೈರ್‌ಗೂ ಚೆಕ್ ಮಾಡಿ. ಆನೊಡೈಸ್ ಆಗಿದ್ರೆ ಒಂದು ಮೂಲೇಲಿ ಕೆರೆದು ಅಲ್ಲಿ ಪ್ರೋಬ್ ಇಡಿ, ಇಲ್ಲಾಂದ್ರೆ ಶಾರ್ಟ್ ಇದ್ರೂ ಬೀಪ್ ಬರಲ್ಲ. ಎಲ್ಲೂ ಬೀಪ್ ಇಲ್ಲ ಅಂದ್ರೆ ಮಾತ್ರ ಮುಂದೆ. ಮೊದಲನೇ ಸಲ ಬ್ಯಾಟರಿನ ಸ್ಮೋಕ್ ಸ್ಟಾಪರ್ (ಶಾರ್ಟ್ ಇದ್ರೆ ಕರೆಂಟ್ ತಡೆಯೋ ಸಾಧನ) ಮೂಲಕ ಕೊಟ್ರೆ ಒಳ್ಳೇದು.

ಆಮೇಲೆ ಮೊದಲು ಅಳೆದ ಹಂಗೇ, ಅದೇ ಬ್ಯಾಟರಿ, ಅಷ್ಟೇ ನಿಮಿಷ, ನಿಲ್ಲಿಸಿ ಅಷ್ಟೇ ಸೆಕೆಂಡಿಗೆ ಅಳೆದು ವ್ಯತ್ಯಾಸ ಬರ್ಕೊಳಿ. ಇನ್ನೂ 80ರ ಮೇಲೇ ಇದ್ರೆ ಆ ಇಎಸ್‌ಸಿ ಆ ಕೆಲಸಕ್ಕೆ ಚಿಕ್ಕದು, ಆಂಪ್ ರೇಟಿಂಗ್ ಒಂದು ಮೆಟ್ಟಿಲು ಮೇಲಿರೋದು ತಗೊಳಿ. ಸರಿಹೋಗಿದ್ರೂ ಐದಾರು ಸಲ ಓಡಿಸಿದ ಮೇಲೆ ಒಂದ್ಸಲ ಬಿಚ್ಚಿ, ಹೀಟ್‌ಸಿಂಕ್ ಅಲುಗಾಡ್ತಾ ಇದ್ಯಾ, ರೆಕ್ಕೆ ಮಧ್ಯ ಧೂಳು ಕೂತಿದ್ಯಾ, ಕೆಪಾಸಿಟರ್ ತಲೆ ಉಬ್ಬಿದ್ಯಾ ನೋಡಿ. ತಲೆ ಉಬ್ಬಿದ್ರೆ ಅದನ್ನ ಬದಲಾಯಿಸೋವರೆಗೂ ಹಾರಿಸಬೇಡಿ.